ಮೇಲಕ್ಕೆ ಸರಿಯದ ಪರದೆ

ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮೌಸಿನ ಚಕ್ರ ಕೆಟ್ಟಿದೆ. ಹೊಸದೊಂದು ತಗೊಂಡು ಬಾ. ಇವತ್ತೇ ಬಾ."

ಮೌಸು ಕೆಟ್ಟರೆ ಯಾರೂ ಇವತ್ತೇ ಬಾ ಅನ್ನುವುದಿಲ್ಲ. ನಾನು ಗ್ರಂಥಾಲಯವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಅಲ್ಲಿ ಮೌಸು ಕೆಟ್ಟರೆ ಜನ ಅದನ್ನು ಮೇಜಿಗೆ ಎರಡು ಸಲ ಕುಟ್ಟಿ, ಪಕ್ಕದ ಕುರ್ಚಿಗೆ ಹೋಗಿ ಕೂರುತ್ತಾರೆ. ಆದರೆ ದೊಡ್ಡಮ್ಮನ ಕುಲುಮೆಯೊಳಗೆ ಹದಿಮೂರು ದಿನದ ಗಾಜು ಇತ್ತು. ಅರ್ಧ ದಿನ ರಜೆ ಬರೆದು ಬಸ್ಸು ಹತ್ತಿದೆ.

ಗಾಜು ಅಂದರೆ ಕಿಟಕಿಯ ಗಾಜಲ್ಲ. ಒಂದು ದುಂಡನೆಯ ಬಿಲ್ಲೆ. ನಾನು ಎರಡೂ ಕೈ ಚಾಚಿದಷ್ಟು ಅಗಲ, ಒಂದು ಗೇಣು ದಪ್ಪ. ದೂರದರ್ಶಕವೊಂದರ ಕನ್ನಡಿಗೆಂದು ಎರಕ ಹೊಯ್ದದ್ದು. ಹೊಯ್ಯುವುದು ಒಂದು ಬೆಳಗಿನ ಕೆಲಸ, ತಣಿಸುವುದು ಎರಡೂವರೆ ತಿಂಗಳಿನದು. ಅವಸರದಲ್ಲಿ ತಣ್ಣಗಾದ ಗಾಜಿನ ಹೊರಮೈ ಮೊದಲು ಬಿಗಿದುಕೊಳ್ಳುತ್ತದೆ, ಒಳಗಿನದು ಇನ್ನೂ ಸಡಿಲವಿರುತ್ತದೆ. ಆ ಎಳೆದಾಟ ಒಳಗೇ ಉಳಿದುಬಿಡುತ್ತದೆ. ಆಮೇಲೊಂದು ದಿನ, ಯಾರೂ ಮುಟ್ಟದೆ, ಯಾರೂ ಕೆಮ್ಮದೆ, ಬಿಲ್ಲೆ ಎರಡು ಹೋಳಾಗುತ್ತದೆ. ಹಾಗಾಗಬಾರದೆಂದರೆ ಐನೂರ ಅರವತ್ತು ಡಿಗ್ರಿಯಲ್ಲಿ ಐದು ದಿನ ಅಲುಗಿಸದೆ ಇಟ್ಟು, ಆಮೇಲೆ ಗಂಟೆಗೆ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿನಂತೆ ಇಳಿಸಬೇಕು. ದಿನಕ್ಕೆ ಎರಡೂವರೆ ಡಿಗ್ರಿಯೂ ಇಲ್ಲ. ಮೊದಲ ತಿಂಗಳು ದಾಟಿದ ಮೇಲಷ್ಟೇ ವೇಗ ಹೆಚ್ಚಿಸಬಹುದು. ಒಂದು ಲೋಟ ಚಹಾ ಆರುವಷ್ಟರಲ್ಲಿ ಕಳೆದುಕೊಳ್ಳುವ ಬಿಸಿಯನ್ನು ಆ ಗಾಜು ಒಂದು ತಿಂಗಳು ಹಿಡಿದುಕೊಂಡು ಕೂರಬೇಕು.

ಹಿಂದಿನ ಎರಡು ಬಿಲ್ಲೆಗಳು ಕೂತಿರಲಿಲ್ಲ. ಮೊದಲನೆಯದು ಹೋದ ವರ್ಷ ಮೂವತ್ತೊಂದನೇ ದಿನ ಸೀಳಿತು. ಎರಡನೆಯದು ಇಪ್ಪತ್ತೇಳನೇ ದಿನ. ಮೂರನೆಯದೂ ಹೋದರೆ ನಾಲ್ಕನೆಯದನ್ನು ಕೇಳಲು ಯಾರೂ ಬರುವುದಿಲ್ಲ. "ಕುಲುಮೆ ಕೆಡವಿ ಆ ಜಾಗದಲ್ಲಿ ಬಟ್ಟೆ ಒಣಗಿಸ್ತೀನಿ" ಎಂದು ದೊಡ್ಡಮ್ಮ ಹೇಳಿದ್ದಳು. ಅವಳು ತಮಾಷೆಗೆ ಏನನ್ನಾದರೂ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ. ಮನೆಯಲ್ಲಿ ತಮಾಷೆಯ ಖಾತೆ ಪೂರ್ತಿ ದೊಡ್ಡಪ್ಪನದು.

ಕಾರ್ಖಾನೆ ಇರುವುದು ಟೈರು ಅಂಗಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ. ನಡುವೆ ಕುಲುಮೆ: ದುಂಡಗಿನ ಇಟ್ಟಿಗೆ ಗೋಡೆ, ಮೇಲೆ ಸರಪಳಿಯಲ್ಲಿ ಎತ್ತುವ ಮುಚ್ಚಳ. ಗೋಡೆಯನ್ನು ಕಟ್ಟಿದ್ದು ದೊಡ್ಡಪ್ಪ. ಒಮ್ಮೆಯಲ್ಲ, ಮೂರು ಸಲ. ಬಿಲ್ಲೆ ಒಡೆದಾಗಲೆಲ್ಲ ಬಿಸಿ ಎಲ್ಲೋ ಸೋರಿದೆ ಎಂದು ದೊಡ್ಡಮ್ಮ ತೀರ್ಮಾನಿಸಿದಳು, ಅವರು ಕೆಡವಿ ಮತ್ತೆ ಕಟ್ಟಿದರು. ನಾನು ಹೋದಾಗ ಅವರು ಏಣಿಯ ಮೇಲೆ ನಿಂತು ಮುಚ್ಚಳದ ಸಂದಿಗೆ ಬಿಳಿಯ ನಾರನ್ನು ತುರುಕುತ್ತಿದ್ದರು.

"ಬಂದ್ಯಾ ಮಗಳೇ? ನಿಮ್ಮ ದೊಡ್ಡಮ್ಮನಿಗೆ ಹೇಳು, ಇನ್ನೊಂದು ತೂತು ಹುಡುಕಿದ್ರೆ ನನ್ನ ಮೂಗಿನದೇ ಉಳಿದಿರೋದು, ಅದನ್ನೂ ಮುಚ್ತೀನಿ ಅಂತ."

ಒಳಗಿನ ಕೋಣೆಯಿಂದ ಉತ್ತರ ಬಂತು. "ಮೂಗು ಬೇಡ. ಬಾಯಿ ಮುಚ್ಚಿದ್ರೆ ಸಾಕು."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದು ದೊಡ್ಡಪ್ಪ ಏಣಿಗೆ ಹೇಳಿದರು.

ದೊಡ್ಡಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮೂರು ಬೆರಳುಗಳು ಮೌಸಿನ ಮೇಲೆ. ಪರದೆಯಲ್ಲಿ ಬರೀ ಅಕ್ಷರಗಳಷ್ಟೇ ಓಡುವ ಕಪ್ಪು ಟರ್ಮಿನಲ್ ಕಿಟಕಿ, ಅದರಲ್ಲಿ ದೊಡ್ಡ ದೊಡ್ಡ ಬಿಳಿ ಅಂಕಿಗಳು. ಅದು ನಾನು ಬರೆದುಕೊಟ್ಟ ಪ್ರೋಗ್ರಾಂ. ಕುಲುಮೆಯ ಬಿಸಿಯನ್ನು ಓದುವುದೂ ಅದೇ, ಕಾಯಿಸುವ ತಂತಿಗಳಿಗೆ ಎಷ್ಟು ಕರೆಂಟು ಬಿಡಬೇಕೆಂದು ನಿರ್ಧರಿಸುವುದೂ ಅದೇ.

"ಬೇಗ ಇಳೀತಿದೆ" ಎಂದಳು. "ಇವತ್ತಿಗೆ ಐನೂರ ನಲವತ್ತೊಂದು ಇರಬೇಕಿತ್ತು. ಐನೂರ ಇಪ್ಪತ್ತೇಳಿದೆ. ರಾತ್ರಿ ಎಷ್ಟು ಹೊತ್ತಿಗೆ ಬೀಳ್ತಿದೆ ಅಂತ ಗೊತ್ತಾದ್ರೆ ಗಾಳಿ ಯಾವ ಕಡೆಯಿಂದ ನುಗ್ತಿದೆ ಅಂತ ಹಿಡೀಬಹುದು. ಮೇಲಿನ ಸಾಲು ನೋಡೋಣ ಅಂದ್ರೆ ಇದು ಸರಿಯೋದೇ ಇಲ್ಲ. ಹೋದ ಸಲವೂ ಹೀಗೇ ಆಯ್ತು. ಹೋದ ಸಲ ನನಗೆ ಮೌಸಿನ ಯೋಚನೆ ಬರಲಿಲ್ಲ ಅಷ್ಟೇ."

ಅವಳು ಹೇಳಿದ್ದು ನ್ಯಾಯವಾಗಿತ್ತು. ಮೊದಲು ಬೇರೆ ಪ್ರೋಗ್ರಾಂ ಇತ್ತು. ಹತ್ತು ನಿಮಿಷಕ್ಕೊಂದು ಸಾಲನ್ನು ಬರೆಯುತ್ತ ಕೆಳಗಿಳಿಯುತ್ತಿತ್ತು. ಚಕ್ರವನ್ನು ಮೇಲಕ್ಕೆ ಉರುಳಿಸಿದರೆ ಹಳೆಯ ಸಾಲುಗಳು ಬರುತ್ತಿದ್ದವು. ದೊಡ್ಡಮ್ಮ ದಿನಾ ಬೆಳಿಗ್ಗೆ ಆರಕ್ಕೆ ಚಹಾ ಹಿಡಿದು ಬಂದು, ಬೇರೆಯವರು ಪೇಪರ್ ಓದುವ ಹಾಗೆ, ರಾತ್ರಿಯ ಅಂಕಿಗಳನ್ನು ಓದುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ನಾನು ಅದನ್ನು ಅಂದ ಮಾಡಿದೆ. ಕಿಟಕಿ ತುಂಬ ಒಂದು ಅಚ್ಚುಕಟ್ಟಾದ ಕೋಷ್ಟಕ, ಮೇಲೆ ಗೆರೆ, ಕೆಳಗೆ ಗೆರೆ. ಮೆಚ್ಚುಗೆ ಸಿಗಲಿಲ್ಲ. "ಅಕ್ಷರ ಇರುವೆ ಹಾಗಿದೆ" ಎಂದು ಅವಳು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಳು. ಕುಲುಮೆಯ ಸೆಕೆಗೆ ಕನ್ನಡಕ ಮೂಗಿನಿಂದ ಜಾರುತ್ತದೆ, ಅದನ್ನು ಹಾಕುವುದಿಲ್ಲ.

ನಾನು ಚಕ್ರವನ್ನು ಮೇಲಕ್ಕೆ ಉರುಳಿಸಿದೆ. ಅಂಕಿಗಳು ಕದಲಲಿಲ್ಲ. ಜೋರಾಗಿ ಉರುಳಿಸಿದೆ. ಮೌಸನ್ನು ಬಿಚ್ಚಿ, ಚಕ್ರದ ಸುತ್ತ ಇದ್ದ ಗಾಜಿನ ಪುಡಿಯನ್ನು ಊದಿ, ಮತ್ತೆ ಸಿಕ್ಕಿಸಿ ಉರುಳಿಸಿದೆ. ಆಮೇಲೆ ನಾನು ತಂದ ಹೊಸ ಮೌಸಿನ ಪೊಟ್ಟಣ ಒಡೆದು ಅದರಲ್ಲೂ ಉರುಳಿಸಿದೆ. ಎಲ್ಲ ಸೇರಿ ಇಪ್ಪತ್ತು ಸಲ ಇರಬಹುದು. ಈಗಲೂ ಆ ಇಪ್ಪತ್ತನ್ನು ನಾನು ಮರೆತಿಲ್ಲ.

"ಹೊಸ ಇಲಿಗೂ ಅದೇ ರೋಗ" ಎಂದಳು ದೊಡ್ಡಮ್ಮ.

ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದೆ. ಅದರಲ್ಲಿ ಉದ್ದನೆಯದೊಂದು ಪಟ್ಟಿಯನ್ನು ಸುರಿಸಿ ಚಕ್ರ ತಿರುಗಿಸಿದೆ. ಸಾಲುಗಳು ನೀರಿನಂತೆ ಮೇಲೆ ಕೆಳಗೆ ಹರಿದವು. ಹಾಗಾದರೆ ಮೌಸಿನದಲ್ಲ, ಕಂಪ್ಯೂಟರನ್ನು ನಡೆಸುವ ಲಿನಕ್ಸಿನದೂ ಅಲ್ಲ. ನನ್ನ ಪ್ರೋಗ್ರಾಮಿನ ಕಿಟಕಿಯಲ್ಲಿ ಮಾತ್ರ ಹೀಗೆ. ಕಾರಣ ಅರ್ಧ ಗೊತ್ತಿತ್ತು. ಪ್ರೋಗ್ರಾಂ ಕಿಟಕಿಯನ್ನು ಪೂರ್ತಿ ತನ್ನದಾಗಿ ಮಾಡಿಕೊಂಡರೆ ಮೇಲೆ ಸರಿಯಲು ಹಳೆಯ ಸಾಲುಗಳೇ ಇರುವುದಿಲ್ಲ. ಹಾಗಾದರೆ ಆ ಉರುಳಿಕೆ ಎಲ್ಲಿಗೆ ಹೋಗುತ್ತದೆ? ಬೆರಳು ಚಕ್ರವನ್ನು ತಿರುಗಿಸಿದ್ದಂತೂ ನಿಜ. ತಿರುಗಿದ್ದು ಎಲ್ಲೋ ಒಂದು ಕಡೆ ಮುಟ್ಟಲೇಬೇಕು.

ಕಿಟಕಿ ತನಗೆ ಕಳಿಸಿದ್ದನ್ನೆಲ್ಲ ಹಾಗೇ ಬರೆದು ತೋರಿಸುವ ಐದು ಸಾಲಿನ ಪ್ರೋಗ್ರಾಂ ಬರೆದೆ. ಅದಕ್ಕೂ ಪೂರ್ತಿ ಕಿಟಕಿಯನ್ನು ಕೊಟ್ಟೆ. ಚಕ್ರವನ್ನು ಒಂದೇ ಒಂದು ಹಲ್ಲು ಮೇಲಕ್ಕೆ ತಿರುಗಿಸಿದೆ.

ಮೇಲಿನ ಬಾಣ.

ಮೇಲಿನ ಬಾಣ.

ಮೇಲಿನ ಬಾಣ.

ಒಂದು ಹಲ್ಲಿಗೆ ಮೂರು ಸಲ. ನಾನು ಕೀಲಿಮಣೆಯನ್ನು ಮುಟ್ಟಿರಲೇ ಇಲ್ಲ. ಟರ್ಮಿನಲ್‌ನದು ಒಳ್ಳೆಯ ಮನಸ್ಸು. ಈ ಹೆಂಗಸಿಗೆ ಮೇಲಕ್ಕೆ ಹೋಗಬೇಕಿದೆ, ಇಲ್ಲಿ ಸರಿಯಲು ಜಾಗವಿಲ್ಲ, ಪಾಪ, ಅವಳ ಪರವಾಗಿ ನಾನೇ ಬಾಣದ ಕೀಲಿಯನ್ನು ಮೂರು ಸಲ ಒತ್ತಿಬಿಡೋಣ ಎಂದು ಅದು ಅಂದುಕೊಳ್ಳುತ್ತದೆ. ಪುಸ್ತಕ ಓದುವ ಪ್ರೋಗ್ರಾಮಿಗೆ ಅದು ಉಪಕಾರ. ನನ್ನದು ಪುಸ್ತಕ ಓದುವ ಪ್ರೋಗ್ರಾಂ ಆಗಿರಲಿಲ್ಲ.

"ಏನಾಯ್ತೇ? ಮುಖ ಯಾಕೆ ಹಾಗಾಯ್ತು?"

ಅಂಕಿ ಟೈಪು ಮಾಡುವುದು ಕಷ್ಟ, ಬೆರಳು ಜಾರುತ್ತದೆ ಎಂದು ಒಂದೂವರೆ ವರ್ಷದ ಹಿಂದೆ ದೊಡ್ಡಮ್ಮ ಹೇಳಿದ್ದಳು. ಅದಕ್ಕೇ ನಾನು ಬಾಣದ ಕೀಲಿಗಳಿಗೆ ಕೆಲಸ ಕೊಟ್ಟಿದ್ದೆ. ಮೇಲಿನ ಬಾಣ ಒತ್ತಿದರೆ ತಣಿಯುವ ವೇಗ ಗಂಟೆಗೆ ಒಂದು ಡಿಗ್ರಿಯ ನೂರನೇ ಒಂದು ಪಾಲು ಹೆಚ್ಚು. ಕೆಳಗಿನ ಬಾಣ ಒತ್ತಿದರೆ ಅಷ್ಟೇ ಕಡಿಮೆ. ಎಷ್ಟಿದೆ ಎಂಬುದನ್ನು ಕೋಷ್ಟಕದ ಕೊನೆಯ ಸಾಲಿನಲ್ಲಿ ತೋರಿಸಿದ್ದೆ. ಆ ಕೊನೆಯ ಸಾಲು ಈಗ ಪರದೆಯ ಮೇಲೆ ಇರಲಿಲ್ಲ. ಅಕ್ಷರ ದೊಡ್ಡದಾದಾಗ ಕೋಷ್ಟಕದ ಕೆಳಭಾಗ ಕಿಟಕಿಯಿಂದ ಆಚೆಗೆ ಬಿದ್ದುಹೋಗಿತ್ತು.

ಅಕ್ಷರವನ್ನು ಚಿಕ್ಕದು ಮಾಡಿದೆ. ಇನ್ನೂ ಚಿಕ್ಕದು. ಕೆಳಗಿನ ಗೆರೆ ಬಂತು, ಗೆರೆಯ ಕೆಳಗೆ ಸಾಲು ಬಂತು.

*ಇಳಿಕೆ: ಗಂಟೆಗೆ 0.88*

0.10 ಇರಬೇಕಿತ್ತು.

ಹೇಳಿದೆ. ಎಲ್ಲವನ್ನೂ, ಒಂದೇ ಉಸಿರಿಗೆ. ದೊಡ್ಡಪ್ಪ ಏಣಿಯಿಂದಿಳಿದು ಬಾಗಿಲಲ್ಲಿ ಬಂದು ನಿಂತಿದ್ದರು. ಕೈಯಲ್ಲಿ ಇನ್ನೂ ಒಂದು ಹಿಡಿ ನಾರು.

ದೊಡ್ಡಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. "ಇದರಲ್ಲಿ ನಂದೆಷ್ಟು, ನಿಂದೆಷ್ಟು?"

"ನಂದು ಇಪ್ಪತ್ತು ಹಲ್ಲು, ಮೂರರಂತೆ ಅರವತ್ತು ಒತ್ತು. ಈಗ ಅರ್ಧ ಗಂಟೆಯಲ್ಲಿ ಆಗಿದ್ದು. ಅದನ್ನು ಕಳೆದ್ರೆ ಬೆಳಿಗ್ಗೆ ಸೊನ್ನೆ ಪಾಯಿಂಟ್ ಇಪ್ಪತ್ತೆಂಟು ಇತ್ತು. ಅದು ನಿಂದು."

"ದಿನಾ ಉರುಳಿಸ್ತಿದ್ದೆ" ಎಂದಳು. "ಮೇಲಕ್ಕೆ ಒಂದೆರಡು ಸಲ. ಬರಲ್ಲ ಅಂತ ಗೊತ್ತಾದ ಮೇಲೆ ಕೆಳಕ್ಕೊಂದು ಸಲ. ಬೇಗ ಇಳೀತಿದೆ ಅಂತ ಭಯ ಆದಾಗ ಮೇಲಕ್ಕೆ ಇನ್ನೂ ಒಂದು ಸಲ."

ಗೋಡೆಯಾಚೆ ಟೈರು ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು. ಭಯಪಟ್ಟಳು, ಅದಕ್ಕೆ ನೋಡಿದಳು. ನೋಡಿದಳು, ಅದಕ್ಕೆ ಬೇಗ ಇಳಿಯಿತು. ಬೇಗ ಇಳಿಯಿತು, ಅದಕ್ಕೆ ಇನ್ನಷ್ಟು ಭಯಪಟ್ಟಳು. ಹೋದ ಎರಡು ಬಿಲ್ಲೆಗಳನ್ನು ಒಡೆದದ್ದು ಇಟ್ಟಿಗೆಯಲ್ಲ, ಗಾಳಿಯಲ್ಲ. ಇಡೀ ಜಗತ್ತಿನಲ್ಲಿ ಆ ಗಾಜಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಾಳಜಿ ಇದ್ದ ಬೆರಳೊಂದು, ಬೆಳಿಗ್ಗೆ ಆರು ಗಂಟೆಗೆ, ಚಹಾ ಕುಡಿಯುತ್ತ. ಬೆರಳು ಅವಳದು, ದಾರಿ ಮಾಡಿಕೊಟ್ಟವಳು ನಾನು. ತಲೆ ತಗ್ಗಿಸಬೇಕಾದ ಹೊತ್ತು ಅದು. ಆದರೆ ತಗ್ಗಿಸುವುದನ್ನೂ ಮರೆತು ನಾನು ಬಾಯಿ ತೆರೆದು ನಿಂತಿದ್ದೆ. ಒಂದು ಹಲ್ಲು ಚಕ್ರ, ಮೂರು ಬಾಣ, ಗೋಡೆಯಾಚೆ ಒಂದು ಟನ್ ಗಾಜಿನ ಮೈಯಲ್ಲಿ ಬಿಗಿತ. ಇಷ್ಟು ತೆಳ್ಳನೆಯ ದಾರದಲ್ಲಿ ಇಷ್ಟು ದೊಡ್ಡದು ಕಟ್ಟಿಕೊಂಡಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

"ರೀ" ಎಂದಳು ದೊಡ್ಡಮ್ಮ, ತಿರುಗದೆ. "ನಿಮ್ಮ ಗೋಡೆ ಸರಿಯಾಗೇ ಇತ್ತು."

"ಮೂರೂ ಗೋಡೆ."

"ಮೂರೂ."

"ಮೊದಲನೇ ಸಲವೇ ಹೇಳಿದ್ದೆ."

"ಹೇಳಿದ್ರಿ. ಈಗ ಸುಮ್ನಿದ್ದು ಟಾರ್ಚ್ ತನ್ನಿ. ಒಡೆದಿದ್ಯಾ ಇಲ್ವಾ ಅಂತ ಮೊದಲು ನೋಡ್ಬೇಕು."

ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಇಟ್ಟಿಗೆ ಸಡಿಲವಾಗಿರುತ್ತದೆ. ಅದನ್ನು ಎಳೆದರೆ ಶಾಖ ತಡೆಯುವ ಸಣ್ಣ ಗಾಜಿನ ಇಣುಕುಗಂಡಿ. ಎಳೆದರೆ ಒಂದಿಷ್ಟು ಬಿಸಿ ಹೋಗುತ್ತದೆ, ಅದಕ್ಕೇ ಯಾರೂ ಎಳೆಯುವುದಿಲ್ಲ. ನಾನು ಹುಟ್ಟಿದಾಗಿನಿಂದ ಈ ಕಾರ್ಖಾನೆಗೆ ಬಂದುಹೋಗುತ್ತಿದ್ದರೂ ಅದರಲ್ಲಿ ಇಣುಕಿದವಳಲ್ಲ. ಬಿರುಕು ಬಿಟ್ಟಿದ್ದರೆ ಟಾರ್ಚಿನ ಬೆಳಕಿಗೆ ಬೆಳ್ಳಿಯ ಗೆರೆಯಂತೆ ಹೊಳೆಯುತ್ತದೆ. ದೊಡ್ಡಮ್ಮ ಹತ್ತು ಸೆಕೆಂಡು ನೋಡಿದಳು, ಕಣ್ಣುಜ್ಜಿಕೊಂಡು ಪಕ್ಕಕ್ಕೆ ಸರಿದಳು.

"ನನ್ನ ಕಣ್ಣನ್ನ ನಾನು ನಂಬಲ್ಲ. ನೀನು ನೋಡು."

ಆ ಬಿಸಿಯಲ್ಲಿ ಗಾಜು ಕೆಂಪಗಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಅಲ್ಲಿ ಕತ್ತಲೆ. ಟಾರ್ಚಿನ ಬೆಳಕು ಆ ಕತ್ತಲೆಯೊಳಗೆ ಹೋಗಿ, ಏನನ್ನೂ ಮುಟ್ಟದೆ, ಆಚೆ ಕಡೆಯ ಇಟ್ಟಿಗೆಗೆ ಬಡಿಯಿತು. ಒಳಗೆ ಏನೂ ಇಲ್ಲ ಅನ್ನಿಸಿತು ಒಂದು ಕ್ಷಣ. ಆಮೇಲೆ ಕೈ ಸ್ವಲ್ಪ ವಾಲಿತು, ಇಟ್ಟಿಗೆಯ ಸಾಲೊಂದು ನಡುವಿನಲ್ಲಿ ಬಾಗಿ ಮತ್ತೆ ನೆಟ್ಟಗಾಯಿತು. ಆಗ ಕಂಡಿತು. ಮಡಕೆ ಇಲ್ಲದೆ ನಿಂತ ನೀರಿನ ಹಾಗೆ ಬಿಲ್ಲೆ ಅಲ್ಲಿತ್ತು, ಪೂರ್ತಿ ಒಂದು, ಅಂಚಿನಿಂದ ಅಂಚಿಗೆ. ನನ್ನ ಮುಖದ ಚರ್ಮ ಬಿಸಿಗೆ ಬಿಗಿಯುತ್ತಿತ್ತು. ಉಸಿರು ಬಿಟ್ಟರೆ ಅದಕ್ಕೆ ತಾಗೀತೆಂದು ನಾನು ಉಸಿರನ್ನೂ ಹಿಡಿದುಕೊಂಡಿದ್ದೆ.

"ಗೆರೆ ಇದ್ಯಾ?"

"ಇಲ್ಲ."

"ಸರಿಯಾಗಿ ನೋಡು. ಬಲಗಡೆ ತಳದಲ್ಲಿ?"

"ಇಲ್ಲ ದೊಡ್ಡಮ್ಮ. ಒಂದೂ ಇಲ್ಲ."

ದೊಡ್ಡಪ್ಪ ಇಟ್ಟಿಗೆಯನ್ನು ಮತ್ತೆ ಒಳಗೆ ತಳ್ಳಿದರು.

ಒಡೆದಿಲ್ಲವೆಂದರೆ ಉಳಿದಿದೆ ಎಂದಲ್ಲ. ಎಂಟು ದಿನ ತಪ್ಪು ವೇಗದಲ್ಲಿ ಇಳಿದ ಬಿಗಿತ ಅದರ ಮೈಯಲ್ಲಿ ಕೂತಿರುತ್ತದೆ. ಅದನ್ನು ಮರೆಸಲು ಒಂದೇ ದಾರಿ ಎಂದಳು ದೊಡ್ಡಮ್ಮ. ಮತ್ತೆ ಐನೂರ ಅರವತ್ತಕ್ಕೆ ಏರಿಸಬೇಕು, ಗಂಟೆಗೆ ಅರ್ಧ ಡಿಗ್ರಿಯಂತೆ. ಅಲ್ಲಿ ಐದು ದಿನ ಇಟ್ಟು, ಮೊದಲನೇ ದಿನದಿಂದ ಶುರು.

"ಪ್ರೋಗ್ರಾಂ ನಿಲ್ಲಿಸಿ ಬೇರೆ ಅಂಕಿ ಕೊಡೋಕಾಗುತ್ತಾ?"

ಆಗುವುದಿಲ್ಲ. ನಿಲ್ಲಿಸಿದರೆ ತಂತಿಗಳಿಗೆ ಕರೆಂಟು ನಿಂತುಹೋಗುತ್ತದೆ, ಮತ್ತೆ ಹತ್ತಿಕೊಳ್ಳುವವರೆಗೆ ಗಾಜು ಬೀಳುತ್ತಲೇ ಇರುತ್ತದೆ. ಓಡುತ್ತಿರುವಾಗಲೇ ತಿರುಗಿಸಬೇಕು. ಹೇಗೆ? ನಾನು ಬರೆದದ್ದು ಇಳಿಸುವ ಪ್ರೋಗ್ರಾಂ, ಏರಿಸುವುದಲ್ಲ. ನಾನೇ ಬರೆದ ಸಾಲುಗಳನ್ನು ತೆರೆದು ಓದಿದೆ. ಬೇರೆ ಯಾರೋ ಬರೆದ ಹಾಗಿತ್ತು. ಮೇಲಿನ ಬಾಣಕ್ಕೆ ಮಿತಿಯಿಲ್ಲ. ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಒಂದೇ ಒಂದು ಸಾಲು ಬರೆದಿದ್ದರೆ ಎರಡು ಬಿಲ್ಲೆಗಳು ಉಳಿಯುತ್ತಿದ್ದವು. ಸೋಮಾರಿತನ. ಹಾಗೆಯೇ ಕಣ್ಣು ಕೆಳಗಿಳಿಯಿತು. ಕೆಳಗಿನ ಬಾಣಕ್ಕೂ ಮಿತಿಯಿಲ್ಲ. ಸೊನ್ನೆಯಲ್ಲಿ ನಿಲ್ಲು ಎಂದು ನಾನು ಎಲ್ಲೂ ಹೇಳಿರಲಿಲ್ಲ.

"ದೊಡ್ಡಮ್ಮ, ಸೊನ್ನೆಗಿಂತ ಕೆಳಗೆ ಹೋಗುತ್ತೆ ಇದು."

"ಹೋದ್ರೆ?"

"ಇಳಿಕೆ ಸೊನ್ನೆಗಿಂತ ಕಡಿಮೆ ಅಂದ್ರೆ ಏರಿಕೆ."

ಅವಳು ಕುರ್ಚಿಯನ್ನು ಎಳೆದುಕೊಂಡು ಕೂತಳು. "ಎಷ್ಟು ಒತ್ತು?"

"ನೂರ ಮೂವತ್ತೆಂಟು."

"ನೀನು ಒತ್ತು. ಇವರು ಎಣಿಸಲಿ. ಚಕ್ರ ಯಾರೂ ಮುಟ್ಟಬಾರದು."

ಮೌಸನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕೆಳಗಿನ ಬಾಣವನ್ನು ಒಂದೊಂದಾಗಿ ಒತ್ತತೊಡಗಿದೆ. ದೊಡ್ಡಪ್ಪ ಇಟ್ಟಿಗೆ ಎಣಿಸುವ ದನಿಯಲ್ಲಿ ಎಣಿಸಿದರು, ಹತ್ತಕ್ಕೊಮ್ಮೆ ಬೆರಳು ಮಡಚಿ. ನಲವತ್ತರ ಹತ್ತಿರ "ಮೂವತ್ತೊಂಬತ್ತೋ ನಲವತ್ತೋ?" ಎಂದರು. ದೊಡ್ಡಮ್ಮ "ಪರದೆ ನೋಡಿ ಎಣಿಸಿ, ಬಾಯಿ ನೋಡಿ ಅಲ್ಲ" ಎಂದಳು. ಎಂಬತ್ತೆಂಟಕ್ಕೆ ಸಾಲಿನಲ್ಲಿ ಮೂರು ಸೊನ್ನೆ ನಿಂತವು. ನನ್ನ ಬೆರಳು ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಇಲ್ಲಿಂದಾಚೆ ನಾನು ಯಾವತ್ತೂ ಪರೀಕ್ಷೆ ಮಾಡಿಲ್ಲ."

"ಗಾಜು ಹೊಯ್ಯೋವಾಗ ನಾನೇನು ಪರೀಕ್ಷೆ ಮಾಡಿ ಹೊಯ್ತೀನಾ? ಒತ್ತು."

ಒತ್ತಿದೆ. ಅಂಕಿಯ ಮುಂದೆ ಒಂದು ಪುಟ್ಟ ಅಡ್ಡಗೆರೆ ಮೂಡಿತು. ಇನ್ನೂ ಹತ್ತು. ಇನ್ನೂ ಇಪ್ಪತ್ತು. ಗೋಡೆಯ ಮೇಲಿನ ಕರೆಂಟು ಪೆಟ್ಟಿಗೆಯಲ್ಲಿ ಟಕ್ ಎಂದಿತು. ಆಮೇಲೆ ಕುಲುಮೆಯ ಕಡೆಯಿಂದ ಗುಂಯ್ ಎನ್ನುವ ಸದ್ದು, ಮೊದಲು ಇದೆಯೋ ಇಲ್ಲವೋ ಎಂಬಷ್ಟು, ಬಳಿಕ ಪಾದಕ್ಕೆ ತಿಳಿಯುವಷ್ಟು. ತಂತಿಗಳು ಬಿಸಿಯೇರುತ್ತಿದ್ದವು. ನೂರ ಮೂವತ್ತೆಂಟು. ಮೂವರೂ ಪರದೆಯನ್ನೇ ನೋಡುತ್ತ ಕೂತೆವು. ಕಾಲು ಗಂಟೆ ಐನೂರ ಇಪ್ಪತ್ತಾರು ಪಾಯಿಂಟ್ ಆರು ಕದಲಲಿಲ್ಲ. ಆಮೇಲೆ ಪಾಯಿಂಟ್ ಏಳು ಆಯಿತು. ಆ ಏಳು ಬಂದಾಗ ನಾವು ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಪ್ಪ ಮಾತ್ರ ಕೈಯಲ್ಲಿದ್ದ ನಾರನ್ನು ಜೇಬಿಗೆ ಹಾಕಿಕೊಂಡರು.

ಹೊರಡುವ ಮುಂಚೆ ಎರಡು ಕೆಲಸ ಮಾಡಿದೆ. ಚಕ್ರವನ್ನು ಬಾಣಗಳಾಗಿ ಬದಲಿಸಬೇಡ ಎಂದು ಆ ಕಿಟಕಿಗೆ ಒಂದು ಸಾಲಿನ ಆಜ್ಞೆ ಕಳಿಸಿದೆ. ಒಂದೇ ಸಾಲು, ಒಂದೂವರೆ ವರ್ಷ ತಡವಾಗಿ. ಎರಡನೆಯದು: ಎಲ್ಲ ಓದಿಕೆಗಳೂ ಒಂದು ಕಡತದಲ್ಲಿ ಸೇರುತ್ತಲೇ ಇದ್ದವು, ನಾನು ದೊಡ್ಡಮ್ಮನಿಗೆ ಹೇಳಿರಲೇ ಇಲ್ಲ. ಅದನ್ನು ಬೇರೆ ಕಿಟಕಿಯಲ್ಲಿ ದೊಡ್ಡ ಅಕ್ಷರದಲ್ಲಿ ತೆರೆದು, ಮೌಸು ಸಿಕ್ಕಿಸಿ, "ಈಗ ಉರುಳಿಸು" ಎಂದೆ.

ಅವಳು ಅನುಮಾನದಿಂದ ಒಂದು ಹಲ್ಲು ಉರುಳಿಸಿದಳು. ರಾತ್ರಿ ಮೇಲೆದ್ದು ಬಂತು. ಅದರ ಹಿಂದಿನ ರಾತ್ರಿ, ಅದರ ಹಿಂದಿನದು. ಅಂಕಿಗಳು ಒಂದೇ ಹದದಲ್ಲಿ ಇಳಿಯುತ್ತ, ಆರು ಗಂಟೆಯ ಸಾಲಿನಲ್ಲಿ ಮಾತ್ರ ಹದ ಬದಲಿಸುತ್ತಿದ್ದವು. ಪ್ರತಿದಿನ ಆರು ಗಂಟೆ. ಒಂದು ದಿನ ಮಾತ್ರ ಏಳೂವರೆ.

"ಅವತ್ತು ಜ್ವರ ಬಂದಿತ್ತು" ಎಂದಳು ದೊಡ್ಡಮ್ಮ ಮೆಲ್ಲಗೆ. "ತಡವಾಗಿ ಎದ್ದೆ."

ಗಾಜಿಗೆ ಅದು ಗೊತ್ತಿತ್ತು.

ಮೂರು ದಿನಕ್ಕೆ ಬಿಸಿ ಮೇಲೇರಿತು, ಐದು ದಿನ ನಿಂತಿತು. ಆಮೇಲಿನ ಎರಡೂವರೆ ತಿಂಗಳು ನಾನು ಹೆಚ್ಚು ಹೋಗಲಿಲ್ಲ. ಮೂವತ್ತೊಂದನೇ ದಿನ ದೊಡ್ಡಮ್ಮ ಊಟ ಮಾಡಲಿಲ್ಲವೆಂದು ದೊಡ್ಡಪ್ಪ ಫೋನಿನಲ್ಲಿ ಹೇಳಿದರು. ಮೂವತ್ತೆರಡನೇ ದಿನ ಎರಡು ಊಟ ಮಾಡಿದಳಂತೆ.

ಮುಚ್ಚಳ ಎತ್ತಿದ ದಿನ ಹೋದೆ. ಬಿಲ್ಲೆಯನ್ನು ಸರಪಳಿಯಲ್ಲಿ ಎತ್ತಿ ಮರದ ನಾಲ್ಕು ಕಾಲುಗಳ ಮೇಲೆ ಕೂರಿಸಿದ್ದರು. ಕೆಳಗೆ ಒಬ್ಬರು ಮಲಗುವಷ್ಟು ಜಾಗ. ಮೇಲ್ಮೈ ನುಣುಪಾಗಿತ್ತು. ತಳ ಅಚ್ಚಿನ ಒರಟಿನಿಂದ ಮಂಜು ಮಂಜಾಗಿತ್ತು, ಅದಕ್ಕೆ ಎಣ್ಣೆ ಸವರಿ ತಿಳಿ ಮಾಡಿದ್ದರು. ಒಡೆದಿರಲಿಲ್ಲ. ಆದರೆ ಒಳಗೆ ಬಿಗಿತ ಉಳಿದಿದ್ದರೆ ಅದು ನಾಳೆ ಒಡೆಯಬಹುದು, ಉಜ್ಜುವ ಕಲ್ಲು ತಾಗಿದೊಡನೆ ಒಡೆಯಬಹುದು. ಅದನ್ನು ತಿಳಿಯಲು ಎರಡು ಕಪ್ಪು ಹಾಳೆಗಳಿವೆ. ಒಂದರ ಮೇಲೊಂದು ಅಡ್ಡ ಹಿಡಿದರೆ ಬೆಳಕು ದಾಟುವುದಿಲ್ಲ. ನಡುವೆ ಬಿಗಿತವಿರುವ ಗಾಜು ಬಂದರೆ ಆ ಕಪ್ಪಿನಲ್ಲಿ ಬಣ್ಣಗಳು ಏಳುತ್ತವೆ, ನೀಲಿ, ಹಳದಿ, ನವಿಲುಗರಿಯ ಹಸಿರು. ಎಷ್ಟು ಚೆಂದ ಕಾಣುತ್ತದೋ ಗಾಜು ಅಷ್ಟು ಕೆಟ್ಟಿರುತ್ತದೆ.

ದೊಡ್ಡಪ್ಪ ದೀಪ ಮತ್ತು ಒಂದು ಹಾಳೆ ಹಿಡಿದು ಕೆಳಗೆ ಅಂಗಾತ ಮಲಗಿದರು. ದೊಡ್ಡಮ್ಮ ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡು, ಇನ್ನೊಂದು ಹಾಳೆ ಹಿಡಿದು ಮೇಲೆ ಬಗ್ಗಿದಳು. ಗೇಣು ಗೇಣಾಗಿ ಇಬ್ಬರೂ ಒಟ್ಟಿಗೆ ಸರಿಯಬೇಕು.

"ಎಡಕ್ಕೆ."

"ನಿನ್ನ ಎಡವೋ ನನ್ನ ಎಡವೋ?"

"ಮೂವತ್ತು ವರ್ಷ ಆಯ್ತು, ಇನ್ನೂ ಕೇಳ್ತೀರಲ್ಲ."

ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಬಂದರು. ಅಂಚಿನಲ್ಲಿ ಒಂದು ಕಡೆ ಉಗುರಿನಷ್ಟು ನೀಲಿ ಕಂಡಿತು. ದೊಡ್ಡಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ಇದು ಉಜ್ಜುವಾಗ ಹೋಗುತ್ತೆ" ಎಂದು ಮುಂದೆ ಸರಿದಳು. ಮತ್ತೆ ಕಪ್ಪು. ಮತ್ತೆ ಕಪ್ಪು. ಏನೂ ಇಲ್ಲದ್ದನ್ನು ಇಷ್ಟು ಆಸೆಯಿಂದ ಯಾರೂ ನೋಡಿರಲಾರರು. ನಾನು ಅವಳ ಭುಜದ ಹಿಂದೆ ನಿಂತು ಆ ಕಪ್ಪನ್ನೇ ನೋಡುತ್ತಿದ್ದೆ. ಒಂದು ಗೇಣು ದಪ್ಪದ ಗಾಜು, ತಿಂಗಳುಗಟ್ಟಲೆ ಬೆಂಕಿಯಲ್ಲಿ ಕೂತು, ಒಂದು ನೋವನ್ನೂ ಇಟ್ಟುಕೊಳ್ಳದೆ ಎದ್ದು ಬಂದಿತ್ತು.

ಮಧ್ಯಕ್ಕೆ ಬಂದಾಗ ದೊಡ್ಡಮ್ಮ ತನ್ನ ಹಾಳೆಯನ್ನು ಪಕ್ಕಕ್ಕೆ ತೆಗೆದಳು. ಬೆಳಕು ಒಮ್ಮೆಗೇ ಮೇಲೆ ಬಂತು. ಗಾಜಿನಾಚೆ ದೊಡ್ಡಪ್ಪನ ಮುಖ, ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ, ಕೈ ಚಾಚಿದರೆ ಸಿಗುವ ಹಾಗೆ.

"ಏನು?" ಎಂದರು ಅವರು ಕೆಳಗಿನಿಂದ. "ಕಾಣ್ತಾ ಏನಾದ್ರೂ?"

"ಇಲ್ಲ" ಎಂದಳು ದೊಡ್ಡಮ್ಮ. "ಏನೂ ಇಲ್ಲ. ಮೇಲೆ ಬನ್ನಿ, ನೀವೂ ನೋಡಿ."